113 ತಲೆಗಳನ್ನು ಎಣಿಸುವುದು ಎಲ್ಲಿ?

ಕರ್ನಾಟಕ ವಿಧಾನಸಭೆಯಲ್ಲಿ 224 ಸ್ಥಾನ, ಬಹುಮತಕ್ಕೆ 113. ಚುನಾವಣಾ ಫಲಿತಾಂಶದ ದಿನ ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಕೂತವರೂ ಬಾಯಿಪಾಠ ಹೇಳುವ ಲೆಕ್ಕ ಇದು. ಆದರೆ ಈ 113 ಜನರನ್ನು ಎಣಿಸಬೇಕಾದ್ದು ಎಲ್ಲಿ ಎಂದು ಕೇಳಿ ನೋಡಿ, ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ರಾಜಭವನದ ಅಂಗಳದಲ್ಲಿ ಶಾಸಕರನ್ನು ಸಾಲಾಗಿ ನಿಲ್ಲಿಸಿದರೆ ಆಯಿತೇ? ಸಹಿ ಹಾಕಿದ ಪತ್ರಗಳ ಕಟ್ಟು ಸಾಕೇ? ರೆಸಾರ್ಟಿನ ಗೇಟಿನ ಮುಂದೆ ನಿಂತ ಟಿ.ವಿ. ವರದಿಗಾರರ ಲೆಕ್ಕ ನಡೆಯುತ್ತದೆಯೇ?

ಸಂವಿಧಾನ ಜಾರಿಗೆ ಬಂದು 44 ವರ್ಷ ಕಳೆಯುವವರೆಗೂ ಈ ಪ್ರಶ್ನೆಗೆ ಎಲ್ಲರೂ ಒಪ್ಪಲೇಬೇಕಾದ ಉತ್ತರ ಇರಲಿಲ್ಲ. ಉತ್ತರ ಬಂದದ್ದು ಕರ್ನಾಟಕದ್ದೇ ಒಂದು ಪ್ರಕರಣದಿಂದ. ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ‘ಬೊಮ್ಮಾಯಿ ತೀರ್ಪು’ ಎಂದೇ ಪಾಠ ಮಾಡುವ ಅದರ ಹೆಸರು ಕೇಳಿದವರು ನಮ್ಮಲ್ಲಿ ಬಹಳ, ಒಳಗೇನಿದೆ ಎಂದು ತಿಳಿದವರು ಕಡಿಮೆ.

ಮೊದಲು ಸಂವಿಧಾನದ ಮಾತು. 164ನೇ ವಿಧಿ ಹೇಳುವ ಪ್ರಕಾರ ಮುಖ್ಯಮಂತ್ರಿಯನ್ನು ನೇಮಿಸುವವರು ರಾಜ್ಯಪಾಲರು. ಸಚಿವರು ಅಧಿಕಾರದಲ್ಲಿರುವುದು ರಾಜ್ಯಪಾಲರ ಇಚ್ಛೆ ಇರುವವರೆಗೆ. ಅದೇ ವಿಧಿಯ ಎರಡನೇ ಖಂಡದಲ್ಲಿ ಇನ್ನೊಂದು ಮಾತಿದೆ: ಸಚಿವ ಸಂಪುಟ ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆ. ಅಂದರೆ ಕೂರಿಸುವವರು ಒಬ್ಬರು, ಲೆಕ್ಕ ಕೊಡಬೇಕಾದ್ದು ಇನ್ನೊಬ್ಬರಿಗೆ. ಎರಡೂ ಹೊಂದಿಕೊಂಡು ಹೋದರೆ ತಕರಾರಿಲ್ಲ. ದೆಹಲಿಯಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು ಪಕ್ಷ ಆಳುತ್ತಿದ್ದಾಗ, ದೆಹಲಿ ಕಳುಹಿಸಿದ ರಾಜ್ಯಪಾಲರು ಮೊದಲ ವಾಕ್ಯವನ್ನಷ್ಟೇ ಓದಿಕೊಂಡರೆ ಏನಾಗುತ್ತದೆ ಎಂಬುದು ಪ್ರಶ್ನೆ.

ಅವರ ಕೈಗೆ ಸಿಕ್ಕ ಅಸ್ತ್ರ 356ನೇ ವಿಧಿ. ರಾಜ್ಯದ ಆಡಳಿತವನ್ನು ಸಂವಿಧಾನದ ಪ್ರಕಾರ ನಡೆಸಲಾಗದ ಸ್ಥಿತಿ ಬಂದಿದೆ ಎಂದು ರಾಷ್ಟ್ರಪತಿಗೆ ಮನವರಿಕೆಯಾದರೆ ರಾಜ್ಯ ಸರ್ಕಾರವನ್ನು ತೆಗೆದು ಆಡಳಿತವನ್ನು ಕೇಂದ್ರ ವಹಿಸಿಕೊಳ್ಳಬಹುದು. ಈ ವಿಧಿ ಬಳಕೆಯಾಗದೆ ಹಾಗೇ ಉಳಿಯಲಿ ಎಂಬ ಆಶಯವನ್ನು ಅಂಬೇಡ್ಕರ್ ಸಂವಿಧಾನ ಸಭೆಯಲ್ಲೇ ಹೇಳಿದ್ದರು. 1951ರಲ್ಲೇ ಪಂಜಾಬಿನಲ್ಲಿ ಅದು ಬಳಕೆಗೆ ಬಂತು. 1959ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರವನ್ನು ಬಹುಮತ ಇರುವಾಗಲೇ ವಜಾ ಮಾಡಲಾಯಿತು. 1977ರಲ್ಲಿ ಕೇಂದ್ರಕ್ಕೆ ಬಂದ ಜನತಾ ಸರ್ಕಾರ ಒಂಬತ್ತು ಕಾಂಗ್ರೆಸ್ ಸರ್ಕಾರಗಳನ್ನು ಕಿತ್ತುಹಾಕಿತು. 1980ರಲ್ಲಿ ಮರಳಿ ಬಂದ ಇಂದಿರಾ ಗಾಂಧಿ ಒಂಬತ್ತಕ್ಕೆ ಒಂಬತ್ತು ಎಂಬಂತೆ ಲೆಕ್ಕ ಚುಕ್ತಾ ಮಾಡಿದರು. ಈ ವಿಷಯದಲ್ಲಿ ಯಾವ ಪಕ್ಷವೂ ಸಾಚಾ ಅಲ್ಲ. 1977ರ ಕೊನೆಯ ದಿನ ಕರ್ನಾಟಕದ ದೇವರಾಜ ಅರಸು ಸರ್ಕಾರವೂ ಹೀಗೇ ಹೋಯಿತು. ಎರಡೇ ತಿಂಗಳಲ್ಲಿ ನಡೆದ ಚುನಾವಣೆಯಲ್ಲಿ ಅರಸು ಬಹುಮತದೊಂದಿಗೆ ಹಿಂದಿರುಗಿದರು.

1984ರ ಆಗಸ್ಟ್‌ನಲ್ಲಿ ಆಂಧ್ರದ ರಾಜ್ಯಪಾಲ ರಾಮ್‌ಲಾಲ್ ಅವರು ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಅವರನ್ನು ಬಹುಮತ ಇಲ್ಲವೆಂದು ವಜಾ ಮಾಡಿದರು. ರಾಮರಾವ್ ತಮ್ಮ ಶಾಸಕರನ್ನು ಕಟ್ಟಿಕೊಂಡು ರಾಷ್ಟ್ರಪತಿ ಭವನದವರೆಗೆ ಹೋಗಿ, ನೋಡಿ, ಎಣಿಸಿಕೊಳ್ಳಿ ಎಂದು ನಿಲ್ಲಿಸಬೇಕಾಯಿತು. ಆಗ ಆ ಶಾಸಕರು ತಂಗಿದ್ದದ್ದು ಕರ್ನಾಟಕದಲ್ಲಿ, ರಾಮಕೃಷ್ಣ ಹೆಗಡೆ ಸರ್ಕಾರದ ಆತಿಥ್ಯದಲ್ಲಿ. ಶಾಸಕರನ್ನು ಬಚ್ಚಿಟ್ಟು ಕಾಯುವ ಕಲೆಯಲ್ಲಿ ನಮ್ಮ ರಾಜ್ಯಕ್ಕೆ ಆಗಲೇ ಒಳ್ಳೆಯ ಅನುಭವ ಇತ್ತು ಅನ್ನಿ. ಒಂದೇ ತಿಂಗಳಲ್ಲಿ ರಾಮರಾವ್ ಕುರ್ಚಿಗೆ ಮರಳಿದರು. ಅದು ಬೀದಿಯ ಒತ್ತಡಕ್ಕೆ ಸಿಕ್ಕ ಜಯ, ಕಾನೂನಿಗೆ ಸಿಕ್ಕದ್ದಲ್ಲ. ಎಲ್ಲಿ ಎಣಿಸಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಈಗ 1989ರ ಏಪ್ರಿಲ್‌ಗೆ ಬರೋಣ. ಹೆಗಡೆ ರಾಜೀನಾಮೆಯ ನಂತರ, 1988ರ ಆಗಸ್ಟ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದರು. ಹುಬ್ಬಳ್ಳಿಯ ಕಡೆಯ ವಕೀಲರು, ಎಂ.ಎನ್. ರಾಯ್ ಅವರ ವಿಚಾರಗಳನ್ನು ಮೆಚ್ಚಿಕೊಂಡವರು. ಜನತಾ ಪಕ್ಷ ಆ ಹೊತ್ತಿಗೆ ಜನತಾದಳ ಆಗಿತ್ತು. ಒಳಜಗಳಕ್ಕೆ ಬರ ಇರಲಿಲ್ಲ. ಏಪ್ರಿಲ್ 15ರಂದು ಸಂಪುಟ ವಿಸ್ತರಿಸಿ 13 ಮಂದಿಯನ್ನು ಸೇರಿಸಿಕೊಂಡರು. ಸಂಪುಟ ವಿಸ್ತರಣೆಯಾದರೆ ಸಿಕ್ಕವರಿಗಿಂತ ಸಿಗದವರ ಸಂಖ್ಯೆ ದೊಡ್ಡದಾಗಿರುವುದು ರಾಜಕೀಯದ ಮಾಮೂಲಿ ಲೆಕ್ಕ. ಎರಡು ದಿನ ಕಳೆಯುವಷ್ಟರಲ್ಲಿ ಶಾಸಕ ಕೆ.ಆರ್. ಮೊಳಕೇರಿ ಪಕ್ಷ ಬಿಟ್ಟರು. ಬೆಂಬಲ ವಾಪಸ್ ಪಡೆಯುತ್ತಿದ್ದೇವೆ ಎಂದು ಬರೆದ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈಗೆ ಕೊಟ್ಟರು.

ರಾಜ್ಯಪಾಲರು 19ರಂದು ರಾಷ್ಟ್ರಪತಿಗೆ ವರದಿ ಕಳುಹಿಸಿದರು. ಸರ್ಕಾರ ಬಹುಮತ ಕಳೆದುಕೊಂಡಿದೆ, ಬೇರೆ ಯಾರೂ ಸರ್ಕಾರ ರಚಿಸುವ ಸ್ಥಿತಿಯಲ್ಲಿಲ್ಲ, 356 ಬಳಸಿ ಎಂಬುದು ಅದರ ಸಾರ. ಮರುದಿನ ಕಥೆ ತಿರುಗಿತು. ಆ 19 ಜನರಲ್ಲಿ ಏಳು ಮಂದಿ, ನಮಗೆ ತಪ್ಪು ಮಾಹಿತಿ ಕೊಟ್ಟು ಸಹಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ರಾಜ್ಯಪಾಲರಿಗೆ ಬರೆದರು. ಬೊಮ್ಮಾಯಿ ಅವರೂ ಕಾನೂನು ಮಂತ್ರಿಯೂ ರಾಜಭವನಕ್ಕೆ ಹೋದರು. ಅಧಿವೇಶನ ಕರೆಯುತ್ತೇವೆ, ಬೇಕಾದರೆ ನಿಗದಿಗಿಂತ ಮುಂಚೆಯೇ ಕರೆಯುತ್ತೇವೆ, ಸದನದಲ್ಲೇ ಎಣಿಸಿಬಿಡೋಣ ಎಂದರು. ರಾಜ್ಯಪಾಲರು ಅಂದೇ ದೆಹಲಿಗೆ ಇನ್ನೊಂದು ವರದಿ ಕಳುಹಿಸಿ, ಬಹುಮತ ಹೋಗಿದೆ ಎಂಬ ತಮ್ಮ ಮೊದಲಿನ ಮಾತಿಗೇ ಅಂಟಿಕೊಂಡರು. 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಅಂಕಿತ ಬಿತ್ತು. ಸರ್ಕಾರವೂ ಹೋಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು.

ಬೊಮ್ಮಾಯಿ ನನ್ನ ಬಳಿ ಬಹುಮತ ಇದೆ ಎಂದು ಹೇಳಿದ್ದು ದೊಡ್ಡದಲ್ಲ. ಹಾಗೆ ಎಲ್ಲರೂ ಹೇಳುತ್ತಾರೆ. ಎಣಿಸಿ ಎಂದು ಅವರೇ ಕೇಳಿದರು, ಎಣಿಸಲು ಬಿಡಲಿಲ್ಲ ಎಂಬುದು ದೊಡ್ಡದು. ಎಣಿಸಿದ್ದರೆ ಸೋಲುತ್ತಿದ್ದರೋ ಏನೋ. ಸೋಲುವ ಹಕ್ಕೂ ಸದನದಲ್ಲೇ ಇತ್ತು.

ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. ಸದನದಲ್ಲಿ ಬಲಾಬಲ ಪರೀಕ್ಷೆ ಮಾಡುವುದು ಕಡ್ಡಾಯವೇನಲ್ಲ, ವರದಿ ಕಳುಹಿಸುವ ಮುನ್ನ ಅದು ಆಗಲೇಬೇಕೆಂದಿಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿಯನ್ನು ವಜಾ ಮಾಡಿತು. ಅಷ್ಟರಲ್ಲಿ ನವೆಂಬರ್ ಚುನಾವಣೆ ಬಂತು, ಕಾಂಗ್ರೆಸ್ 178 ಸ್ಥಾನ ಬಾಚಿಕೊಂಡಿತು, ವೀರೇಂದ್ರ ಪಾಟೀಲ, ಬಂಗಾರಪ್ಪ, ವೀರಪ್ಪ ಮೊಯಿಲಿ ಒಬ್ಬರಾದ ಮೇಲೊಬ್ಬರು ಮುಖ್ಯಮಂತ್ರಿಗಳಾದರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಪು ಕೊಟ್ಟದ್ದು 1994ರ ಮಾರ್ಚ್ 11ರಂದು, ಸುಮಾರು ಐದು ವರ್ಷ ಕಳೆದ ಮೇಲೆ. ಕರ್ನಾಟಕದ ವಜಾ ಅಸಾಂವಿಧಾನಿಕ ಎಂದಿತು. ಬೊಮ್ಮಾಯಿ ಗೆದ್ದರು, ಆದರೆ ಕೂರಲು ಕುರ್ಚಿ ಇರಲಿಲ್ಲ, ಮರಳಿ ಸೇರಲು ಆ ಸಭೆಯೇ ಇರಲಿಲ್ಲ.

ತೀರ್ಪಿನ ಕಟ್ಟು ದೊಡ್ಡದು, ಆರು ಅಭಿಪ್ರಾಯಗಳು ಅದರಲ್ಲಿವೆ, ನಮಗೆ ಬೇಕಾದ್ದಿಷ್ಟು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ರಾಜ್ಯಪಾಲರದಾಗಲಿ ರಾಷ್ಟ್ರಪತಿಗಳದಾಗಲಿ ಖಾಸಗಿ ಅಭಿಪ್ರಾಯದ ವಿಷಯವಲ್ಲ. ಅದನ್ನು ಸದನದಲ್ಲಿ, ಎಲ್ಲರ ಕಣ್ಣೆದುರು ಎಣಿಸಬೇಕು. ಹಿಂಸಾಚಾರ ವ್ಯಾಪಕವಾಗಿದ್ದು, ಮುಕ್ತವಾಗಿ ಮತ ಹಾಕುವುದೇ ಅಸಾಧ್ಯ ಎನ್ನುವಂಥ ಅಪರೂಪದ ಸಂದರ್ಭಕ್ಕೆ ಮಾತ್ರ ವಿನಾಯಿತಿ. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತು ಎಂದು ಕೋರ್ಟು ಕೇಳುವಂತಿಲ್ಲ ಎಂದು 74ನೇ ವಿಧಿ ಹೇಳುತ್ತದೆ. ಆದರೆ ಆ ಸಲಹೆಗೆ ಆಧಾರವಾದ ಕಾಗದಪತ್ರಗಳನ್ನು ತಂದು ತೋರಿಸಿ ಎಂದು ಕೇಳಬಹುದು ಎಂದು ಪೀಠ ಹೇಳಿತು. ಇದು ಸಣ್ಣ ಮಾತಲ್ಲ. ಅಲ್ಲಿಯವರೆಗೆ ರಾಷ್ಟ್ರಪತಿಯ ಮನವರಿಕೆ ಎಂದರೆ ಬಹುಮಟ್ಟಿಗೆ ಬೀಗ ಹಾಕಿದ ಕೋಣೆ. ಜೊತೆಗೆ, ಸಂಸತ್ತಿನ ಎರಡೂ ಸದನಗಳು ಘೋಷಣೆಯನ್ನು ಒಪ್ಪುವ ಮುನ್ನ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಬೇಕಾದರೆ ಅಮಾನತಿನಲ್ಲಿ ಇಡಬಹುದು. ಘೋಷಣೆ ತಪ್ಪು ಎಂದಾದರೆ ವಜಾ ಆದ ಸರ್ಕಾರವನ್ನೂ ಸಭೆಯನ್ನೂ ಕೋರ್ಟು ಮತ್ತೆ ತರಬಹುದು.

ಅದೇ ತೀರ್ಪಿನಲ್ಲಿ ಮೇಘಾಲಯ, ನಾಗಾಲ್ಯಾಂಡ್ ಪ್ರಕರಣಗಳೂ ಅಸಾಂವಿಧಾನಿಕವಾದವು. ಬಾಬರಿ ಮಸೀದಿ ಧ್ವಂಸದ ನಂತರ 1992ರ ಡಿಸೆಂಬರ್‌ನಲ್ಲಿ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಸರ್ಕಾರಗಳ ವಿಷಯದಲ್ಲಿ ಮಾತ್ರ ಕೋರ್ಟು ಕೇಂದ್ರದ ಕ್ರಮವನ್ನು ಎತ್ತಿಹಿಡಿಯಿತು. ಧರ್ಮನಿರಪೇಕ್ಷತೆ ಸಂವಿಧಾನದ ಮೂಲ ಸ್ವರೂಪದ ಭಾಗ ಎಂಬುದು ಅಲ್ಲಿನ ಆಧಾರ. ಅದು ಬೇರೆಯೇ ಚರ್ಚೆ.

ಪರಿಣಾಮ ಬೇಗ ಕಂಡಿತು. 356ರ ಬಳಕೆ ಗಣನೀಯವಾಗಿ ಇಳಿಯಿತು. ರಾಷ್ಟ್ರಪತಿ ಕೆ.ಆರ್. ನಾರಾಯಣನ್ 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲೂ 1998ರಲ್ಲಿ ಬಿಹಾರದ ವಿಷಯದಲ್ಲೂ ಕೇಂದ್ರ ಸಂಪುಟದ ಶಿಫಾರಸನ್ನು ಮರುಪರಿಶೀಲನೆಗೆ ವಾಪಸ್ ಕಳುಹಿಸಿದರು. 1998ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದಲ್ಲಿ ಇಬ್ಬರು ಮುಖ್ಯಮಂತ್ರಿಗಳು ಒಟ್ಟಿಗೇ ತಯಾರಾದಾಗ ಸುಪ್ರೀಂ ಕೋರ್ಟು ಇಬ್ಬರನ್ನೂ ಸದನಕ್ಕೆ ಕಳುಹಿಸಿತು. ಕಲ್ಯಾಣ್ ಸಿಂಗ್‌ಗೆ 225, ಜಗದಂಬಿಕಾ ಪಾಲ್‌ಗೆ 196 ಮತ ಬಿದ್ದು ಗೊಂದಲ ಮುಗಿಯಿತು. ಉತ್ತರಾಖಂಡದಲ್ಲಿ 2016ರಲ್ಲಿ ಹರೀಶ್ ರಾವತ್ ಸರ್ಕಾರ ತೆಗೆದಾಗಲೂ ಕೊನೆಗೆ ಎಣಿಕೆಯೇ ಇತ್ಯರ್ಥ ಮಾಡಿತು, ರಾವತ್ ಮರಳಿದರು. ನಮ್ಮಲ್ಲೇ 2007ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದಾಗ ವಿಧಾನಸಭೆಯನ್ನು ಅಮಾನತಿನಲ್ಲಿಟ್ಟದ್ದರಿಂದಲೇ, ಮರುತಿಂಗಳು ಅದೇ ಸಭೆಯ ಬಲದ ಮೇಲೆ ಬಿ.ಎಸ್. ಯಡಿಯೂರಪ್ಪ ಮೊದಲ ಬಾರಿ ಮುಖ್ಯಮಂತ್ರಿಯಾದರು. ವಾರದಲ್ಲೇ ರಾಜೀನಾಮೆ ಕೊಟ್ಟದ್ದು ಬೇರೆ ಮಾತು.

ಹಾಗಾದರೆ ಸಮಸ್ಯೆ ಮುಗಿಯಿತೇ? ಇಲ್ಲ. ಬೊಮ್ಮಾಯಿ ತೀರ್ಪು ಎಣಿಸುವ ಜಾಗವನ್ನು ಗೊತ್ತುಮಾಡಿತು. ಎಣಿಸುವ ದಿನವನ್ನೂ ವಿಧಾನವನ್ನೂ ಗೊತ್ತುಮಾಡಲಿಲ್ಲ. 1994ರ ನಂತರದ ಎಲ್ಲ ಕಿತಾಪತಿಯೂ ಆ ಎರಡು ಸಂದಿಗಳಲ್ಲೇ ನಡೆದಿದೆ, ಮತ್ತು ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು.

2010ರ ಅಕ್ಟೋಬರ್ ನೆನಪಿಸಿಕೊಳ್ಳಿ. ಯಡಿಯೂರಪ್ಪ ಸರ್ಕಾರಕ್ಕೆ ಬೆಂಬಲ ಹಿಂತೆಗೆದ ಬಿಜೆಪಿಯ 11 ಮತ್ತು ಪಕ್ಷೇತರರ 5, ಒಟ್ಟು 16 ಶಾಸಕರನ್ನು ಸ್ಪೀಕರ್ ಕೆ.ಜಿ. ಬೋಪಯ್ಯ ವಿಶ್ವಾಸಮತದ ಹೊಸ್ತಿಲಲ್ಲೇ ಅನರ್ಹಗೊಳಿಸಿದರು. ಅಕ್ಟೋಬರ್ 11ರಂದು ಸದನದಲ್ಲಿ ಗಲಾಟೆ, ಧ್ವನಿಮತ, ಸರ್ಕಾರ ಗೆದ್ದಿತು ಎಂಬ ಘೋಷಣೆ. ಜಾಗ ಸರಿಯಾದದ್ದೇ, ವಿಧಾನಸೌಧವೇ. ಆದರೆ ಹೌದು ಎಂದವರು ಎಷ್ಟು, ಇಲ್ಲ ಎಂದವರು ಎಷ್ಟು ಎಂದು ಯಾರೂ ಎಣಿಸಲಿಲ್ಲ. ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಇದನ್ನು ಪ್ರಹಸನ ಎಂದು ತಳ್ಳಿಹಾಕಿ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು. ನಂತರ ಎರಡನೇ ಸಲ ವಿಶ್ವಾಸಮತ ಕೇಳಲು ಸೂಚಿಸಿದರು. 14ರಂದು ತಲೆ ಎಣಿಕೆ ನಡೆದು 106–100ರಲ್ಲಿ ಸರ್ಕಾರ ಉಳಿಯಿತು. ಆ 16 ಶಾಸಕರ ಅನರ್ಹತೆ ಸರಿಯಲ್ಲ ಎಂದು ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಅದನ್ನು ರದ್ದು ಮಾಡಿತು. ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. 113 ಎಂಬುದು ಪೂರ್ಣ ಸದನದ ಲೆಕ್ಕ. ಸದನದ ನಿರ್ಣಯಗಳು ಆಗುವುದು ಹಾಜರಿದ್ದು ಮತ ಹಾಕಿದವರ ಬಹುಮತದಿಂದ. 189ನೇ ವಿಧಿ ಹೇಳುವುದು ಅದನ್ನೇ. ಹಾಗಾಗಿ ಬೆಂಬಲ ಹೆಚ್ಚಿಸಿಕೊಳ್ಳಲು ಆಗದಿದ್ದವರು ಎದುರಾಳಿಗಳನ್ನು ಕಡಿಮೆ ಮಾಡಿದರೂ ನಡೆಯುತ್ತದೆ. ಅನರ್ಹತೆ, ರಾಜೀನಾಮೆ, ಗೈರುಹಾಜರಿ ಎಲ್ಲವೂ ಈ ಗಣಿತಕ್ಕೆ ಹುಟ್ಟಿದವು.

2018ರಲ್ಲಿ ದಿನದ ಜಗಳ. ಮತದಾನ ನಡೆದ 222 ಸ್ಥಾನಗಳಲ್ಲಿ ಬಿಜೆಪಿಗೆ 104. ಕಾಂಗ್ರೆಸ್ 78, ಜೆಡಿಎಸ್ 37 ಸೇರಿ ಇನ್ನೊಂದು ಕಡೆ. ರಾಜ್ಯಪಾಲ ವಜುಭಾಯಿ ವಾಲಾ ಅವರು ಯಡಿಯೂರಪ್ಪ ಅವರನ್ನು ಕರೆದು, ಬಹುಮತ ಸಾಬೀತಿಗೆ 15 ದಿನ ಕೊಟ್ಟರು. 104ನ್ನು 112 ಮಾಡಲು 15 ದಿನದಲ್ಲಿ ಏನೇನು ನಡೆಯಬಹುದು ಎಂದು ಬಿಡಿಸಿ ಹೇಳಬೇಕಿಲ್ಲ. ಸುಪ್ರೀಂ ಕೋರ್ಟು ನಡುರಾತ್ರಿ ಕೂತು ಬೆಳಗಿನವರೆಗೆ ವಾದ ಕೇಳಿತು. ಪ್ರಮಾಣವಚನಕ್ಕೆ ತಡೆ ಕೊಡಲಿಲ್ಲ, ಆದರೆ ಮೇ 19ರ ಸಂಜೆ 4 ಗಂಟೆಗೆ ಎಣಿಕೆ ಆಗಲಿ ಎಂದಿತು, ನೇರ ಪ್ರಸಾರ ಆಗಲಿ ಎಂದಿತು. ಯಡಿಯೂರಪ್ಪ ಮತಕ್ಕೆ ಹಾಕದೆ ರಾಜೀನಾಮೆ ಕೊಟ್ಟರು.

ಮರುವರ್ಷ ಪಾತ್ರಗಳು ಅದಲುಬದಲಾದವು. 2019ರ ಜುಲೈ 18ರಂದು ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ವಿಶ್ವಾಸಮತದ ಪ್ರಸ್ತಾವ ಮಂಡಿಸಿದರು. ಚರ್ಚೆ ಮುಗಿಯಲೇ ಇಲ್ಲ. ಇಂಥ ಹೊತ್ತಿನೊಳಗೆ ಮುಗಿಸಿ ಎಂದು ರಾಜ್ಯಪಾಲರು ಗಡುವು ಬರೆದರು, ಗಡುವು ದಾಟಿತು. ಇನ್ನೊಂದು ಬರೆದರು, ಅದೂ ದಾಟಿತು. ಕೊನೆಗೆ 23ರ ಸಂಜೆ ಸಾಲು ಸಾಲಾಗಿ ಎಣಿಸಿದಾಗ 99–105. ಹಿಂದಿನ ವರ್ಷ 15 ದಿನ ಜಾಸ್ತಿಯಾಯಿತು ಎಂದವರೇ ಈಗ ಚರ್ಚೆಗೆ ಕಾಲಮಿತಿ ಯಾಕೆ ಎಂದರು. ಆಗ 15 ದಿನ ಬೇಕು ಎಂದವರಿಗೆ ಈಗ ಒಂದೊಂದು ಗಂಟೆಯೂ ದುಬಾರಿಯಾಯಿತು. ಈ ಗದ್ದಲದಲ್ಲಿ ಸ್ಪೀಕರ್ ಅನರ್ಹಗೊಳಿಸಿದ ಮೈತ್ರಿಯ 17 ಶಾಸಕರ ಅನರ್ಹತೆಯನ್ನು ಸುಪ್ರೀಂ ಕೋರ್ಟು ನವೆಂಬರ್‌ನಲ್ಲಿ ಎತ್ತಿಹಿಡಿದರೂ ಉಪಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರ್‌ನ 15 ಉಪಚುನಾವಣೆಗಳಲ್ಲಿ ಬಿಜೆಪಿ 12 ಗೆದ್ದಿತು.

ಮಹಾರಾಷ್ಟ್ರದ ಪ್ರಸಂಗ ಇನ್ನೊಂದು ಮುಖ ತೋರಿಸುತ್ತದೆ. 2022ರ ಜೂನ್‌ನಲ್ಲಿ ರಾಜ್ಯಪಾಲರು ವಿಶ್ವಾಸಮತಕ್ಕೆ ಕರೆದದ್ದು ಸರಿಯಲ್ಲ, ಅದಕ್ಕೆ ತಕ್ಕ ಆಧಾರ ಇರಲಿಲ್ಲ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿತು. ಆದರೆ ಮುಖ್ಯಮಂತ್ರಿಯಾಗಿದ್ದ ಉದ್ಧವ್ ಠಾಕ್ರೆ ಮತಕ್ಕೆ ಮುಂಚೆಯೇ ರಾಜೀನಾಮೆ ಕೊಟ್ಟಿದ್ದರಿಂದ ಅವರನ್ನು ಮತ್ತೆ ತರಲಾಗದು ಎಂದೂ ಹೇಳಿತು. ಎಣಿಸಿ ಎಂದು ಪಟ್ಟು ಹಿಡಿದವರಿಗೂ ಎಣಿಕೆಯಿಂದ ಹಿಂದೆ ಸರಿದವರಿಗೂ ಕಾನೂನು ಕೊಡುವ ಬೆಲೆ ಒಂದೇ ಅಲ್ಲ.

ಈಗ ಒಂದು ವಿಚಿತ್ರ ನೋಡಿ. ನಿಮ್ಮೂರಿನ ಗ್ರಾಮ ಪಂಚಾಯಿತಿ ಅಧ್ಯಕ್ಷರ ಮೇಲೆ ಸದಸ್ಯರು ಅವಿಶ್ವಾಸದ ನೋಟಿಸ್ ಕೊಟ್ಟರೆ, ಉಪವಿಭಾಗಾಧಿಕಾರಿ 30 ದಿನದೊಳಗೆ ಸಭೆ ನಡೆಸಬೇಕು, ಸದಸ್ಯರಿಗೆ ಕನಿಷ್ಠ 15 ದಿನ ಮುಂಚೆ ತಿಳಿಸಬೇಕು. ಇದು ನಿಯಮದಲ್ಲಿ ಬರೆದಿದೆ. ದಿನ ತಪ್ಪಿದರೆ ಅಧ್ಯಕ್ಷರು ಹೈಕೋರ್ಟಿಗೆ ಓಡುತ್ತಾರೆ. ಲೋಕಸಭೆಯ ನಿಯಮಾವಳಿಯಲ್ಲೂ ಅವಿಶ್ವಾಸ ನಿರ್ಣಯಕ್ಕೆ ಸ್ಪಷ್ಟ ನಿಯಮ ಇದೆ, ಅನುಮತಿ ಸಿಕ್ಕ 10 ದಿನದೊಳಗೆ ಚರ್ಚೆಗೆ ಬರಬೇಕು. ಆದರೆ ಸರ್ಕಾರವೇ ಕೇಳುವ ವಿಶ್ವಾಸಮತಕ್ಕೆಂದು ಅಲ್ಲಿ ಪ್ರತ್ಯೇಕ ನಿಯಮವಿಲ್ಲ. ಸಾಮಾನ್ಯ ಪ್ರಸ್ತಾವಗಳ ನಿಯಮದಡಿಯೇ ಅದು ಬರುತ್ತದೆ. ರಾಜ್ಯಗಳಲ್ಲಿ ಹೊಸ ಮುಖ್ಯಮಂತ್ರಿಗೆ ಎಷ್ಟು ದಿನ ಎಂಬುದು ಆಯಾ ರಾಜ್ಯಪಾಲರ ಮರ್ಜಿ. ಸ್ಪಷ್ಟ ಬಹುಮತವಿಲ್ಲದ ಹೊಸ ಮುಖ್ಯಮಂತ್ರಿ 30 ದಿನದೊಳಗೆ ವಿಶ್ವಾಸಮತ ಪಡೆಯಲಿ ಎಂದು ಕೇಂದ್ರ–ರಾಜ್ಯ ಸಂಬಂಧಗಳ ಸರ್ಕಾರಿಯಾ ಆಯೋಗ 1980ರ ದಶಕದಲ್ಲೇ ಹೇಳಿತ್ತು. ನನಗೆ ಕೇಳಿದರೆ ಅದು ತೀರಾ ಧಾರಾಳ. ಇಂದಿನ ರೆಸಾರ್ಟ್ ವ್ಯವಸ್ಥೆಗೆ 30 ದಿನ ಎಂದರೆ ಹಬ್ಬ.

ಇದಕ್ಕೆಲ್ಲ ಸಂವಿಧಾನ ತಿದ್ದುಪಡಿ ಬೇಕಿಲ್ಲ. ತನ್ನ ಕಲಾಪದ ನಿಯಮಗಳನ್ನು ತಾನೇ ಮಾಡಿಕೊಳ್ಳುವ ಅಧಿಕಾರವನ್ನು 208ನೇ ವಿಧಿ ರಾಜ್ಯ ಶಾಸಕಾಂಗಕ್ಕೆ ಕೊಟ್ಟಿದೆ. ವಿಶ್ವಾಸಮತಕ್ಕೆ ಧ್ವನಿಮತ ಸಾಲದು, ತಲೆ ಎಣಿಕೆ ಕಡ್ಡಾಯ. ಪ್ರಸ್ತಾವ ಮಂಡಿಸಿದ ಇಷ್ಟು ದಿನದೊಳಗೆ ಮತಕ್ಕೆ ಹಾಕಲೇಬೇಕು. ನೇರ ಪ್ರಸಾರ ಇರಲೇಬೇಕು ಎಂದು ವಿಧಾನಸಭೆಯೇ ಬರೆದುಕೊಳ್ಳಬಹುದು. ಬರೆಯಲು ಯಾವ ಪಕ್ಷಕ್ಕೂ ಆತುರವಿಲ್ಲ, ಏಕೆಂದರೆ ಇವತ್ತು ಅಡ್ಡಿಯಾಗುವ ಅಸ್ಪಷ್ಟತೆ ನಾಳೆ ತಮಗೇ ಬೇಕಾಗಬಹುದು ಎಂಬುದು ಎಲ್ಲರಿಗೂ ಗೊತ್ತು. ಮುಂದಿನ ಸಲ ನಿಮ್ಮ ಕ್ಷೇತ್ರದ ಶಾಸಕರು ಮತ ಕೇಳಲು ಮನೆಗೆ ಬಂದಾಗ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ: ಪಂಚಾಯಿತಿ ಅಧ್ಯಕ್ಷರಿಗೆ ಇರುವ ದಿನದ ಲೆಕ್ಕ ಮುಖ್ಯಮಂತ್ರಿಗೆ ಯಾಕಿಲ್ಲ?